ಗೋಡೆಯಿಲ್ಲದ ಚಪ್ಪರ

ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದೊಡನೆ ಮೂಗಿಗೆ ಮೊದಲು ತಾಗುವುದು ದಿನವಿಡೀ ಬಿಸಿಲುಂಡ ಹೂವಿನ ವಾಸನೆ. ಬೆಳಗಿನ ವ್ಯಾಪಾರದಲ್ಲಿ ಮಿಕ್ಕ ಸೇವಂತಿಗೆ, ಜನರ ಕಾಲಿಗೆ ಸಿಕ್ಕಿ ನುಗ್ಗಾದ ಸುಗಂಧರಾಜ, ಅದರ ಮೇಲೆ ಬಸ್ಸಿನ ಹೊಗೆ, ಅದರೊಳಗೆಲ್ಲೋ ಹುರಿದ ಕಡಲೆಕಾಯಿ. ಚೈತ್ರದ ಸಂಜೆ; ರಸ್ತೆ ಇನ್ನೂ ಬಿಸಿಯಾಗಿಯೇ ಇದೆ. ಟಿಪ್ಪುವಿನ ಬೇಸಿಗೆ ಅರಮನೆ, ಅದರ ಮಗ್ಗುಲಿಗೇ ಇರುವ ಕೋಟೆ ವೆಂಕಟರಮಣನ ಗುಡಿ, ಎರಡನ್ನೂ ದಾಟಿಕೊಂಡು ಚಾಮರಾಜಪೇಟೆಯ ಕಡೆಗೆ ಹೆಜ್ಜೆ ಹಾಕೋಣ. ಅವಸರವಿಲ್ಲ. ನನ್ನ ಕೈ ಹಿಡಿದಿರುವ ಸೋದರತ್ತೆಗೆ ಮಂಡಿನೋವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ, ಮತ್ತೆ ಹೊರಡುತ್ತಾರೆ. ಮೂರನೆಯ ಸಲ ನಿಂತಾಗ ಹಾರ್ನುಗಳ ನಡುವಿನಿಂದ ಸಣ್ಣಗೆ, ದೂರದ ಜೇನುಗೂಡಿನಂತೆ, ತಂಬೂರಿಯ ಝೇಂಕಾರ ಕೇಳಿಸುತ್ತದೆ. ಅತ್ತೆ ಆಮೇಲೆ ನಿಲ್ಲುವುದಿಲ್ಲ. ಮಂಡಿ ಎಲ್ಲಿ ಹೋಯಿತೋ, ನೋವು ಎಲ್ಲಿ ಹೋಯಿತೋ, ನಾನೇ ಹಿಂದೆ ಬೀಳುತ್ತೇನೆ.

ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವದ ಚಪ್ಪರ ಎದ್ದಿದೆ. ನೂರು ವರ್ಷ ದಾಟಿದ ಶಾಲೆಯ ಕಟ್ಟಡ ಹಿಂದೆ ನಿಂತು, ತನ್ನ ಅಂಗಳದಲ್ಲಿ ಮದುವೆ ನಡೆಯುತ್ತಿದೆಯೇನೋ ಎಂಬಂತೆ ನೋಡುತ್ತಿದೆ. ಬನ್ನಿ, ಕಛೇರಿ ಶುರುವಾಗುವ ಮೊದಲಿನ ಈ ಅರ್ಧ ಗಂಟೆಯನ್ನು ತಪ್ಪಿಸಿಕೊಳ್ಳಬಾರದು. ಒಬ್ಬ ಹುಡುಗ ಕುರ್ಚಿಗಳ ಸಾಲನ್ನು ಮೊಣಕಾಲಿನಿಂದಲೇ ನೇರ ಮಾಡುತ್ತಾ ಬರುತ್ತಿದ್ದಾನೆ. ಮೈಕಿನವರು ವೇದಿಕೆಯ ಮೇಲೆ ಉರುಳಿ ಬಿದ್ದ ವೈರುಗಳನ್ನು ಜಮಖಾನದ ಅಡಿಗೆ ತಳ್ಳುತ್ತಾ, ಒಂದೊಂದು ಮೈಕಿಗೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ದೂರದ ಪೆಟ್ಟಿಗೆಯ ಬಳಿ ಕೂತವನಿಗೆ ಕಣ್ಣಲ್ಲೇ ಹೇಳುತ್ತಾರೆ. ರಾಮನ ಪಟಕ್ಕೆ ತುಳಸಿ ಹಾರ ಏರುತ್ತದೆ. ಬೇಲಿಯಾಚೆ ಹೊಂಗೆಯ ಮರ ತಿಳಿಹಸಿರು ಚಿಗುರು ತುಂಬಿಕೊಂಡು ನಿಂತಿದೆ; ಅದರ ಪುಟ್ಟ ಹೂಗಳು ನೆಲದ ಮೇಲೆ ಪುರಿ ಚೆಲ್ಲಿದ ಹಾಗೆ ಬಿದ್ದಿವೆ.

ರಾಮನವಮಿಯ ಮನೆಗಳಲ್ಲಿ ಈ ಹೊತ್ತಿಗೆ ಯಾವ ವಾಸನೆ ಇರುತ್ತದೋ ಅದೇ ಇಲ್ಲಿಯೂ ಇದೆ. ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ ಕೊಚ್ಚಿ ಹಾಕಿ, ತೆಂಗಿನ ತುರಿ ಬೆರೆಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟ ಕೋಸಂಬರಿ. ಬೆಲ್ಲ ಕರಗಿಸಿ ಶುಂಠಿ, ಏಲಕ್ಕಿ, ಕರಿಮೆಣಸು ಕುಟ್ಟಿ ಹಾಕಿದ ಪಾನಕ. ಕೊತ್ತಂಬರಿ, ಹಸಿಮೆಣಸು ತೇಲುವ ನೀರು ಮಜ್ಜಿಗೆ. ಎಲ್ಲವೂ ಬಿಸಿಲಿನ ತಿಂಗಳಿಗೆಂದೇ ಹೇಳಿ ಮಾಡಿಸಿದ ಆಹಾರ. ಹಬ್ಬದ ದಿನ ಪಾನಕದ ಲೋಟ ಕೈಯಿಂದ ಕೈಗೆ ಸಾಗುವಾಗ, ಇಸ್ಕೊಂಡವರು ಯಾರು, ಕೊಟ್ಟವರು ಯಾರು ಎಂದು ಒಬ್ಬರೂ ಕೇಳುವುದಿಲ್ಲ. ಅತ್ತೆ ಚೀಲದಿಂದ ಲಾವಂಚದ ಬೀಸಣಿಗೆ ತೆಗೆದು, ಒಂದಿಷ್ಟು ನೀರು ಚಿಮುಕಿಸಿ, ಬೀಸಿಕೊಳ್ಳತೊಡಗುತ್ತಾರೆ. ಆ ತಂಪು ಗಾಳಿಯಲ್ಲಿ ನನಗೂ ಪಾಲಿದೆ.

ಈಗ ಹೀಗೆ ನೆಮ್ಮದಿಯಾಗಿ ಕೂತಿದ್ದೇನೆ. ಆದರೆ ಬಹಳ ವರ್ಷ ಸಂಗೀತೋತ್ಸವದ ಹೆಸರೆತ್ತಿದರೆ ನಾನು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಅದಕ್ಕೆ ಒಂದು ಹಳೆಯ ಕಾರಣವಿತ್ತು. ಹೈಸ್ಕೂಲಿನಲ್ಲಿದ್ದಾಗ ಊರಿನ ಒಂದು ಸಭೆಗೆ ಹೋಗಿದ್ದೆ. ವಿದ್ವಾಂಸರು ಹಾಡುತ್ತಾ ಒಂದು ಕಡೆ ದನಿಯನ್ನು ಎತ್ತರಕ್ಕೆ ಒಯ್ದು ನಿಲ್ಲಿಸಿದರು. ನನಗೆ ತಡೆಯಲಾಗದೆ ಜೋರಾಗಿ ಚಪ್ಪಾಳೆ ಹೊಡೆದೆ. ನಾನೊಬ್ಬಳೇ. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ, ಗೊತ್ತಿಲ್ಲದಿದ್ದರೆ ಸುಮ್ಮನೆ ಕೂರಬೇಕು ಅಂದರು. ಆ ಮಾತು ಕಿವಿಯಲ್ಲಿ ಉಳಿದುಬಿಟ್ಟಿತು. ಗೊತ್ತಿಲ್ಲದವರಿಗೆ ಇಲ್ಲಿ ಜಾಗವಿಲ್ಲ, ಸಂಗೀತವೆಂದರೆ ಮೊದಲೇ ಓದಿಕೊಂಡು ಬಂದು ಕೂರಬೇಕಾದ ಪರೀಕ್ಷೆಯ ಕೋಣೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಕರೆದುಕೊಂಡು ಬರುವವರು ಯಾರೂ ಇರಲಿಲ್ಲ. ಹಾಗಾಗಿ ಬಂದೆ. ಬಂದದ್ದು ಅತ್ತೆಗಾಗಿ, ಸಂಗೀತಕ್ಕಾಗಿ ಅಲ್ಲ.

ಆ ಮೊದಲ ಸಂಜೆ ಅಂಚಿನ ಕುರ್ಚಿ ಹಿಡಿದು ಕೂತಿದ್ದೆ, ಎದ್ದು ಹೋಗಲು ಸುಲಭವಾಗಲಿ ಎಂದು. ಹಾಡಿಗಿಂತ ಗಡಿಯಾರವನ್ನೇ ಹೆಚ್ಚು ನೋಡಿದೆ. ಆದರೆ ಹಾಡು ಕೇಳದೆ ಕೂತವಳಿಗೆ ಜನ ಕಣ್ಣಿಗೆ ಬಿದ್ದರು. ಬೇಲಿಯ ಹೊರಗೆ ಆಟೋ ನಿಲ್ಲಿಸಿ, ಹ್ಯಾಂಡಲ್ಲಿನ ಮೇಲೆ ತೋಳು ಮಡಿಸಿಟ್ಟು ಕೇಳುತ್ತಿದ್ದ ಚಾಲಕ. ಬಾಡಿಗೆ ಕೇಳಿದವರಿಗೆ ಕೈಯಲ್ಲೇ ಬೇಡವೆಂದು ಸನ್ನೆ ಮಾಡಿದ. ತೊಡೆಯ ಮೇಲೆ ನಿದ್ದೆ ಹೋದ ಮೊಮ್ಮಗನ ಬೆನ್ನಿನ ಮೇಲೇ ತಾಳ ಹಾಕುತ್ತಿದ್ದ ಅಜ್ಜಿ. ಹಾಡು ಶುರುವಾದೊಡನೆ ರಾಗದ ಹೆಸರು ಬರೆದುಕೊಂಡು, ಪಕ್ಕದವರ ಪುಸ್ತಕ ಇಣುಕಿ ನೋಡಿ, ಸರಿಯಿದ್ದರೆ ನಕ್ಕು ತಲೆಯಾಡಿಸುತ್ತಿದ್ದ ಇಬ್ಬರು ಗೆಳೆಯರು. ಮಾರುಕಟ್ಟೆಯಿಂದ ಖಾಲಿ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಹೂವಿನಾಕೆಯೊಬ್ಬಳು ಬುಟ್ಟಿಯನ್ನು ಕೆಳಗಿಟ್ಟು ಅದರ ಅಂಚಿನ ಮೇಲೆಯೇ ಕೂತು, ಒಂದು ಇಡೀ ಕೀರ್ತನೆ ಕೇಳಿ, ಬುಟ್ಟಿ ತಲೆಗೇರಿಸಿಕೊಂಡು ಹೋದಳು. ಅವಳನ್ನು ಯಾರೂ ತಿರುಗಿ ನೋಡಲಿಲ್ಲ. ತಡವಾಗಿ ಬಂದವರಿಗೆ ಜನ ಮಂಡಿ ಸರಿಸಿ ದಾರಿ ಬಿಟ್ಟರು. ತೂಕಡಿಸಿದವರ ಕತ್ತಿನ ಕೆಳಗೆ ಪಕ್ಕದವರು ಮಡಿಸಿದ ಟವೆಲ್ ಇಟ್ಟರು.

ಮುಂದಿನ ಸಾಲುಗಳಿಗೆ ಟಿಕೆಟ್ ಇದೆ, ದನಿಗೆ ಇಲ್ಲ. ಈ ಚಪ್ಪರಕ್ಕೆ ಗೋಡೆ ಇಲ್ಲ. ಬೀದಿಯ ಗದ್ದಲ ಒಳಗೆ ಬರುತ್ತದೆ, ಒಳಗಿನ ಹಾಡು ಬೀದಿಗೆ ಹೋಗುತ್ತದೆ.

"ನಾನು ಚಿಕ್ಕವಳಿದ್ದಾಗ ಒಳಗೆ ಬಂದದ್ದೇ ಕಡಿಮೆ ಕಣೇ," ಅಂದರು ಅತ್ತೆ ಅವತ್ತು ಮನೆಗೆ ಹೋಗುವ ದಾರಿಯಲ್ಲಿ. "ಅಪ್ಪ ರಸ್ತೆ ಬದಿಯಲ್ಲಿ ಚಾಪೆ ಹಾಸೋರು. ಚಾಮರಾಜಪೇಟೆ ಪೂರ್ತಿ ಚಾಪೆ ತಗೊಂಡು ಬರ್ತಿತ್ತು. ಎಂ.ಎಸ್. ಹಾಡಿದಾಗ ನಾವು ಅವರ ಮುಖ ನೋಡಿಲ್ಲ. ಕೇಳಿದ್ದೀವಿ, ಅಷ್ಟೆ."

ಅಷ್ಟೆ ಅನ್ನುವ ಮಾತನ್ನು ಅವರು ಹೇಳಿದ ರೀತಿಯಲ್ಲಿ ಕೊರಗು ಇರಲಿಲ್ಲ, ತುಂಬಿದ ತೃಪ್ತಿ ಇತ್ತು. ಈ ಉತ್ಸವವನ್ನು ನಡೆಸುವ ಶ್ರೀ ರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾಯರು ತಮ್ಮ ಎಳೆಯ ವಯಸ್ಸಿನಲ್ಲೇ, 1939ರಲ್ಲಿ, ಕಟ್ಟಿದರು. ಪೇಟೆಯ ರಾಮನವಮಿಯಾಗಿ ಆರಂಭವಾದದ್ದು ಬೆಳೆಯುತ್ತಾ ಬೆಳೆಯುತ್ತಾ ತಿಂಗಳುದ್ದದ ಸಂಗೀತವಾಯಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರು, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಇಲ್ಲಿ ಹಾಡಿದರು. ಕಾವೇರಿಯ ದಂಡೆಯ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯನವರು ತಮ್ಮ ಏಳು ತಂತಿಯ ಪಿಟೀಲಿನೊಂದಿಗೆ ಬಂದರು. ಚೆಂಬೈಯವರ ಶಿಷ್ಯ ಯೇಸುದಾಸರು ಹಾಡುತ್ತಿದ್ದ ಸಂಜೆಗಳಲ್ಲಿ ಈ ಮೈದಾನ ಸಾಲುತ್ತಿರಲಿಲ್ಲ. ಚೆನ್ನೈಗೆ ಡಿಸೆಂಬರ್ ಹೇಗೋ ಹಾಗೆ ನಮ್ಮ ಊರಿಗೆ ಈ ಚೈತ್ರ, ವೈಶಾಖ. ಅಲ್ಲಿಯದು ಚಳಿಯ ತಿಂಗಳಲ್ಲಿ ಸಭಾಂಗಣಗಳ ಒಳಗೆ ನಡೆಯುವ ಸಂಗೀತ. ನಮ್ಮದು ಸೆಕೆಯ ತಿಂಗಳಲ್ಲಿ ಚಪ್ಪರದ ಕೆಳಗೆ. ಮೈಸೂರಿನಲ್ಲಿ ಇದೇ ಚಪ್ಪರದ ಸುಖ ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲಿನ ಎಂಟನೇ ಅಡ್ಡರಸ್ತೆಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲು ಮಾತ್ರವಲ್ಲ, ಶೇಷಾದ್ರಿಪುರ, ಮಲ್ಲೇಶ್ವರದಂಥ ಬಡಾವಣೆಗಳಲ್ಲೂ ಹಾಡು ಕೇಳುತ್ತದೆ. ಊರು ಎಷ್ಟು ಬೆಳೆದರೂ ಈ ಒಂದು ತಿಂಗಳು ಅದು ಮತ್ತೆ ತನ್ನ ಪೇಟೆಗಳಿಗೆ ಮರಳುತ್ತದೆ.

ಎರಡನೆಯ ಸಂಜೆ ಅತ್ತೆ ನನ್ನ ಬಲಗೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಸುಮ್ನೆ ಕೂತ್ರೆ ಬೇಜಾರೇ ಆಗೋದು. ಕೈಗೆ ಕೆಲಸ ಕೊಡು," ಅಂದರು. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಮತ್ತೊಂದು ಪೆಟ್ಟು, ಅಂಗೈ ಮೇಲೆ. ಇನ್ನೊಂದು ಪೆಟ್ಟು, ಅಂಗೈ ಮೇಲೆ. ನಾಲ್ಕು, ಎರಡು, ಎರಡು. ಎಂಟು ಎಣಿಕೆಯ ಆದಿತಾಳ. ಮೊದಮೊದಲು ನಾನು ಎಣಿಸುವುದರಲ್ಲೇ ಮುಳುಗಿ ಹಾಡನ್ನು ಕಳೆದುಕೊಂಡೆ. ಹಾಡಿನ ಕಡೆ ಗಮನ ಕೊಟ್ಟರೆ ಬೆರಳು ತಪ್ಪುತ್ತಿತ್ತು. ಪಲ್ಲವಿ ಮತ್ತೆ ಮತ್ತೆ ಬರುವಾಗಲೆಲ್ಲ ನನ್ನ ಪೆಟ್ಟಿಗೂ ಗಾಯಕಿಯ ಮೊದಲ ಅಕ್ಷರಕ್ಕೂ ಒಂದು ಕೂದಲೆಳೆ ಅಂತರ. ತಪ್ಪು ಯಾರದು ಎಂದು ನೋಡುವ ಮೊದಲೇ ಅತ್ತೆ ಪಿಸುಗುಟ್ಟಿದರು: "ತಪ್ಪಿಲ್ಲ. ಅವರು ಪೆಟ್ಟು ಬಿದ್ದ ಮೇಲೆ ಅರ್ಧ ಬಿಟ್ಟು ಎತ್ಕೋತಿದ್ದಾರೆ. ಎತ್ತುಗಡೆ ಅಲ್ಲಿದೆ." ಆ ಅರ್ಧ ಎಣಿಕೆಯ ಖಾಲಿಯನ್ನು ನಾನು ಮೊದಲ ಬಾರಿಗೆ ಮುಟ್ಟಿದೆ. ಎಷ್ಟು ಸಣ್ಣ ಜಾಗ ಅದು! ಪೆಟ್ಟು ಬೀಳುತ್ತದೆ, ಉಸಿರು ಒಳಗೆ ಹೋಗುತ್ತದೆ, ಹಾಡು ಹುಟ್ಟುತ್ತದೆ. ನಾಲ್ಕು ಸುತ್ತು ಕಳೆಯುವ ಹೊತ್ತಿಗೆ ನನ್ನ ಉಸಿರೂ ಅಲ್ಲೇ ಒಳಗೆ ಹೋಗುತ್ತಿತ್ತು. ಸುತ್ತ ನೋಡಿದರೆ ಚಪ್ಪರದ ತುಂಬ ನೂರಾರು ಕೈಗಳು ಒಟ್ಟಿಗೆ ಏಳುತ್ತಿವೆ, ಒಟ್ಟಿಗೆ ಬೀಳುತ್ತಿವೆ, ಗಾಳಿಗೆ ಬಾಗುವ ರಾಗಿಯ ಹೊಲದ ಹಾಗೆ. ಆ ಹೊಲದಲ್ಲಿ ನನ್ನ ಕೈಯೂ ಒಂದು ತೆನೆ.

ರಾಗಗಳೂ ಹಾಗೆಯೇ ಒಂದೊಂದಾಗಿ ಪರಿಚಯವಾದವು, ಹೊಸ ಬೀದಿಗೆ ಮನೆ ಬದಲಿಸಿದಾಗ ಅಕ್ಕಪಕ್ಕದವರು ಪರಿಚಯವಾಗುವಂತೆ. ಮೊದಲು ಗುರುತು ಸಿಕ್ಕದ್ದು ಮೋಹನ. "ಐದೇ ಮೆಟ್ಟಿಲು ಕಣೇ. ಮ ಇಲ್ಲ, ನಿ ಇಲ್ಲ," ಅಂದಿದ್ದರು ಅತ್ತೆ. ಅದರ ಬೆಳಕು ಅಂಗಳದ ಬೆಳಕು, ಬಾಗಿಲು ತೆರೆದಿಟ್ಟ ಮನೆಯ ಬೆಳಕು. ಆಮೇಲೆ ಮಾಯಾಮಾಳವಗೌಳ. ಅದು ಯಾಕೋ ಎಳವೆಯಿಂದ ಕೇಳಿದ ಹಾಗಿದೆಯಲ್ಲ ಎಂದು ಯೋಚಿಸುತ್ತಿದ್ದರೆ, ಎದುರು ಮನೆಯ ಹುಡುಗಿ ದಿನಾ ಬೆಳಿಗ್ಗೆ ಹೇಳುತ್ತಿದ್ದ ಸರಳೆ ವರಸೆ ನೆನಪಾಯಿತು. ಕಲಿಯುವ ಮಕ್ಕಳಿಗೆ ಮೊದಲ ಪಾಠವಾಗಿ ಅದೇ ರಾಗವನ್ನು ಇಟ್ಟವರು ಪುರಂದರದಾಸರು ಎಂದು ಪರಂಪರೆ ನಂಬುತ್ತದೆ. ನನಗೆ ಸಂಗೀತ ಗೊತ್ತಿಲ್ಲ ಎಂದುಕೊಂಡು ತಿರುಗುತ್ತಿದ್ದ ಅಷ್ಟೂ ವರ್ಷ ಅದು ಎದುರು ಮನೆಯ ಕಿಟಕಿಯಿಂದ ದಿನವೂ ನನ್ನ ಕಿವಿಗೆ ಬಿದ್ದಿತ್ತು.

ಕಛೇರಿಗೂ ಒಂದು ಊಟದ ಕ್ರಮವಿದೆ ಎಂಬುದು ತಿಳಿದದ್ದು ಮೂರು ನಾಲ್ಕು ಸಂಜೆಗಳ ಮೇಲೆ. ದನಿಯನ್ನೂ ಕೈಯನ್ನೂ ಬೆಚ್ಚಗೆ ಮಾಡಲು ವರ್ಣ. ಆಮೇಲೆ ಚುರುಕಾದ ಒಂದೆರಡು ಸಣ್ಣ ಕೃತಿ. ನಡುವೆ ನಿಧಾನಕ್ಕೆ ಬಿಚ್ಚಿಕೊಳ್ಳುವ ದೊಡ್ಡ ರಾಗ, ಅದರ ಆಲಾಪನೆ, ಕೃತಿ, ನೆರವಲು, ಸ್ವರ. ಅದರ ಬೆನ್ನಿಗೆ ಲಯವಾದ್ಯದವರ ತನಿ. ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನ, ಮಂಗಳ. ಇಂದು ನಾವು ಕೇಳುವ ಕಛೇರಿಗೆ ಈ ಅಚ್ಚುಕಟ್ಟು ತಂದ ಹಿರಿಮೆಯನ್ನು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರಿಗೆ ಸಲ್ಲಿಸುತ್ತಾರೆ. ಅವರ ಕಾಲ 1890ರಿಂದ 1967. ಈ ಕ್ರಮ ಗೊತ್ತಾದ ಮೇಲೆ ನನ್ನ ಚಡಪಡಿಕೆ ಅರ್ಧ ಇಳಿಯಿತು. ಎಲೆಯ ಮೇಲೆ ಯಾವುದು ಯಾವಾಗ ಬರುತ್ತದೆಂದು ಗೊತ್ತಿದ್ದವರು ಉಪ್ಪಿನಕಾಯಿ ಬಂದಾಗಲೇ ಪಾಯಸ ಕೇಳುವುದಿಲ್ಲ. ಆದರೂ ಮೊದಲ ವರ್ಷ ತನಿ ಆವರ್ತನ ಆರಂಭವಾದೊಡನೆ ನಾನು ಏಳುತ್ತಿದ್ದೆ, ಇನ್ನೂ ಹಲವರು ಏಳುವ ಹಾಗೆ. ಹಾಡು ನಿಂತಿತಲ್ಲ, ಒಂದು ಲೋಟ ಕಾಫಿ ಕುಡಿದು ಬರೋಣ ಎಂದು.

ಅದನ್ನು ಬಿಡಿಸಿದ್ದು ಒಂದು ಮಳೆ.

ಎರಡನೆಯ ವರ್ಷದ ಒಂದು ಸಂಜೆ. ಹಗಲೆಲ್ಲ ಕುದಿದ ಆಕಾಶ ಏಳೂವರೆಯ ಹೊತ್ತಿಗೆ ಒಮ್ಮೆಲೇ ಕಪ್ಪಾಯಿತು. ಮೊದಲು ದೂಳಿನ ವಾಸನೆ, ಆಮೇಲೆ ಒಣ ನೆಲದ ಮೇಲೆ ದಪ್ಪ ಹನಿ, ಆಮೇಲೆ ಚಪ್ಪರದ ಮೇಲೆ ಭೋರೆನ್ನುವ ಸದ್ದು. ಬೀದಿಯ ಬದಿ ಕೂತಿದ್ದವರೆಲ್ಲ ಚೀಲ, ಚಾಪೆ, ಚಪ್ಪಲಿ ಎತ್ತಿಕೊಂಡು ಒಳಗೆ ನುಗ್ಗಿದರು. ಆಟೋದವರು, ದಾರಿಹೋಕರು, ಕಡಲೆಕಾಯಿಯವನು ತನ್ನ ತಳ್ಳುಗಾಡಿ ಸಮೇತ. ಕುರ್ಚಿಯಿದ್ದವರು ಎದ್ದು ಮುದುಕರಿಗೆ ಬಿಟ್ಟುಕೊಟ್ಟರು. ಗಾಯಕರು ಹಾಡನ್ನು ಮುಗಿಸಿ ಸುಮ್ಮನಾದರು, ಮಳೆ ಹಾಡಿತು. ಹತ್ತು ಹದಿನೈದು ನಿಮಿಷಕ್ಕೆ ಅಬ್ಬರ ಇಳಿದು ಗಾಳಿ ತಣ್ಣಗಾದಾಗ ಅವರು ಕಲ್ಯಾಣಿ ರಾಗವನ್ನು ಎತ್ತಿಕೊಂಡರು. ಎಲ್ಲರ ಮುಖದಲ್ಲೂ ನಿರಾಳ. ನನಗೆ ಮಾತ್ರ ಏನೋ ಇರುಸುಮುರುಸು. ಹಾಡಿನಲ್ಲಿ ಅಲ್ಲ, ಪಿಟೀಲಿನಲ್ಲಿ ಅಲ್ಲ. ಎಲ್ಲೋ ಕೆಳಗೆ, ಸರಿಯಾಗಿ ಮುಚ್ಚದ ಬಾಗಿಲಿನ ಹಾಗೆ ಒಂದು ಸಂದು. ಅತ್ತೆಯ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕಿದ್ದರು. ಮೃದಂಗದವರೂ ಆಗಲೇ ತಲೆ ಬಾಗಿಸಿ ಬಲಮುಚ್ಚಿಗೆಯ ಹತ್ತಿರ ಕಿವಿ ತಂದಿದ್ದರು.

ಮಳೆಯ ತೇವಕ್ಕೆ ಚರ್ಮ ಸಡಿಲವಾಗಿ ಮೃದಂಗದ ಶ್ರುತಿ ಇಳಿದಿತ್ತು. ಹಲಸಿನ ಮರದ ಆ ಒಡಲಿಗೆ ಎರಡೂ ಕಡೆ ಚರ್ಮ ಬಿಗಿದಿರುತ್ತದೆ. ಎಡಕ್ಕೆ ತೇವದ ರವೆ ಹಿಟ್ಟು ಮೆತ್ತಿ ಗುಮ್ಮೆನ್ನುವ ದನಿ ತರಿಸುತ್ತಾರೆ. ಬಲಕ್ಕೆ ನಡುವೆ ಕರಿ ಹಚ್ಚಿರುತ್ತಾರೆ, ಶ್ರುತಿ ನಿಲ್ಲುವುದು ಅಲ್ಲಿ. ಮೃದಂಗದವರು ಮಡಿಲಿನಿಂದ ಪುಟ್ಟ ಕಲ್ಲು ತೆಗೆದರು. ಅಂಚಿನ ಹೆಣಿಗೆಗೆ ಒಂದು ಪೆಟ್ಟು, ಬೆರಳಿನಿಂದ ಒಂದು ಮೀಟು, ಕಿವಿ. ಮೃದಂಗವನ್ನು ಸ್ವಲ್ಪ ಹೊರಳಿಸಿ ಮತ್ತೊಂದು ಪೆಟ್ಟು, ಮತ್ತೊಂದು ಮೀಟು. ಗಾಯಕರು ಷಡ್ಜವನ್ನು ಹಿಡಿದು ನಿಂತರು, ಕತ್ತಲಲ್ಲಿ ಬರುವವರಿಗೆ ದೀಪ ಹಿಡಿದು ನಿಲ್ಲುವಂತೆ. ಚಪ್ಪರದಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬರೂ ಮಾತಾಡಲಿಲ್ಲ. ಟಂಗ್, ಟಂಗ್ ಎಂದು ಆ ದನಿ ಕೂದಲು ಕೂದಲಷ್ಟೇ ಮೇಲೇರುತ್ತಾ ಬಂದು, ಒಂದು ಮೀಟಿಗೆ ತಂಬೂರಿಯೊಳಗೆ ಮಾಯವಾಯಿತು. ಬೇರೆಯಾಗಿ ಕೇಳಿಸುವುದೇ ನಿಂತಿತು. ಆ ಕ್ಷಣಕ್ಕೆ ನನ್ನ ಬಾಯಿಂದ ನನಗೇ ತಿಳಿಯದೆ "ಆಹಾ" ಬಂತು, ಸಾಕಷ್ಟು ಜೋರಾಗಿಯೇ. ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿದರು. ನನ್ನ ಎದೆ ಧಸಕ್ಕೆಂದಿತು. ಅವರು ನಕ್ಕು, ಹೌದೆಂಬಂತೆ ತಲೆಯಾಡಿಸಿ, ಮತ್ತೆ ವೇದಿಕೆಯ ಕಡೆ ತಿರುಗಿಕೊಂಡರು.

ಆವತ್ತು ತನಿಗೆ ನಾನು ಏಳಲಿಲ್ಲ. ಏಳುವುದು ಹೇಗೆ? ಆ ಮೃದಂಗವನ್ನು ಶ್ರುತಿಗೆ ತಂದದ್ದರಲ್ಲಿ ನನ್ನ ಕಿವಿಗೂ ಪಾಲಿತ್ತು. ಮೃದಂಗದವರು ಒಂದಷ್ಟು ಆವರ್ತ ನುಡಿಸಿ ಬಿಟ್ಟರೆ ಘಟದವರು ಅಷ್ಟೇ ಆವರ್ತದಲ್ಲಿ ಉತ್ತರ ಕೊಟ್ಟರು, ಸುಟ್ಟ ಮಣ್ಣಿನ ಗಡಿಗೆಯ ಕಂಠಕ್ಕೆ, ಹೊಟ್ಟೆಗೆ ಬೆರಳುಗಳನ್ನು ಹರಿಯಬಿಟ್ಟು, ಬಾಯನ್ನು ತಮ್ಮ ಹೊಟ್ಟೆಗೆ ಒತ್ತಿ ಗುಡುಗು ಹೊರಡಿಸಿ. ಮಾತು ನಾಲ್ಕು ಆವರ್ತದಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ, ಅರ್ಧಕ್ಕೆ ಇಳಿಯಿತು. ಇಬ್ಬರು ಹಳೆಯ ಗೆಳೆಯರ ಹರಟೆ ಕೊನೆಗೆ ಒಂದೊಂದು ಪದಕ್ಕೆ, ಆಮೇಲೆ ಬರೀ ನಗುವಿಗೆ ಬಂದು ನಿಲ್ಲುವುದಿಲ್ಲವೆ, ಹಾಗೆ. ಕೊನೆಗೆ ಇಬ್ಬರೂ ಸೇರಿ ನುಡಿಸಿದ ಮುಕ್ತಾಯ ಮೂರು ಸಲ ಹೊರಳಿ ಬಂದು ಸರಿಯಾಗಿ ಹಾಡಿನ ಎತ್ತುಗಡೆಯ ಮೇಲೆ ಬಿದ್ದಾಗ ಗಾಯಕರು ಪಲ್ಲವಿಯ ಸಾಲನ್ನು ಎತ್ತಿಕೊಂಡರು, ಇಡೀ ಚಪ್ಪರ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಯಾರು ಮೊದಲು ಹೊಡೆದರು ಎಂದು ನನಗೆ ಗೊತ್ತಿಲ್ಲ.

ಅದೆಲ್ಲ ಆಗಿ ಈಗ ಇದು ಐದನೆಯ ಚೈತ್ರ. ನನಗೆ ಇವತ್ತಿಗೂ ಹಲವು ರಾಗಗಳ ಹೆಸರು ಗೊತ್ತಾಗುವುದಿಲ್ಲ. ಗೊತ್ತಿಲ್ಲದೆಯೂ ಕೇಳಬಹುದು, ಕೇಳುತ್ತಾ ಕೂತವರಿಗೆ ಪಕ್ಕದವರ ಕೈ, ಹಿಂದಿನವರ ಉಸಿರು, ಬೇಲಿಯಾಚೆ ನಿಂತವರ ತಲೆದೂಗು ಎಲ್ಲವೂ ಪಾಠ ಹೇಳುತ್ತವೆ. ಸಂಗೀತವನ್ನು ಮನೆಯಲ್ಲಿ ಒಬ್ಬರೇ ಕೂತು ಫೋನಿನಲ್ಲೂ ಕೇಳಬಹುದು, ನಾನೂ ಕೇಳುತ್ತೇನೆ. ಆದರೆ ಕೇಳುವುದನ್ನು ನನಗೆ ಕಲಿಸಿದ್ದು ಈ ಗುಂಪು.

ನೋಡಿ, ಮಾತಾಡುತ್ತಾ ಆಡುತ್ತಾ ಇವತ್ತಿನ ಕಛೇರಿ ಕೊನೆಗೆ ಬಂದಿದೆ. ತಿಲ್ಲಾನ ಮುಗಿಯಿತು. ಜನ ಕುರ್ಚಿಯ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕುತ್ತಿದ್ದಾರೆ. ಕೊನೆಯ ಬಸ್ಸಿನ ಚಿಂತೆಯಿದ್ದವರು ಬಗ್ಗಿ ಬಗ್ಗಿ ನಡೆದು ಹೊರಗೆ ಹೋಗುತ್ತಿದ್ದಾರೆ. ಅತ್ತೆ ಬೀಸಣಿಗೆಯನ್ನು ಚೀಲಕ್ಕೆ ತುರುಕಿ ನನ್ನ ಭುಜ ಹಿಡಿದುಕೊಂಡರು.

"ಏಳೇ, ಹೋಗೋಣ. ಮಂಡಿ ಹಿಡ್ಕೊಂಡಿದೆ. ಆಮೇಲೆ ನೂಕುನುಗ್ಗಲಾಗತ್ತೆ."

"ಇರಿ ಅತ್ತೆ," ಅಂದೆ. "ಇನ್ನೂ ಮಂಗಳ ಆಗಿಲ್ಲ."

ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಏನೂ ಅನ್ನದೆ ಮತ್ತೆ ಕೂತು, ಚೀಲದಿಂದ ಬೀಸಣಿಗೆ ಹೊರಗೆ ತೆಗೆದರು. ವೇದಿಕೆಯ ಮೇಲೆ ಗಾಯಕಿ ತಂಬೂರಿಯ ಕಡೆ ಒಮ್ಮೆ ಕಿವಿಯೊಡ್ಡಿ, ಕೈ ಜೋಡಿಸಿ, ಸೌರಾಷ್ಟ್ರ ರಾಗವನ್ನು ಎತ್ತಿಕೊಂಡರು. ಲಾವಂಚದ ತಂಪು ಗಾಳಿ ನನ್ನ ಕಡೆಗೂ ಬರುತ್ತಿತ್ತು.